ಆಯುಧದ ಮೇಲಿನ ಅಕ್ಕರೆ

ಮನುಷ್ಯನು ತಾನು ಹಿಡಿದು ದುಡಿದ ವಸ್ತುವನ್ನು ಕಾಲಕ್ರಮದಲ್ಲಿ ತನ್ನ ಅಂಗವೆಂದೇ ಭಾವಿಸತೊಡಗುತ್ತಾನೆ. ನೇಕಾರನಿಗೆ ತನ್ನ ಲಾಳಿ, ಒಕ್ಕಲಿಗನಿಗೆ ತನ್ನ ನೇಗಿಲು, ಬಡಗಿಗೆ ತನ್ನ ಉಳಿ ಪ್ರಿಯವಾಗಿರುವುದು ಸಹಜವೇ ಸರಿ. ಆದರೆ ಆಯುಧದ ಮೇಲೆ ಹುಟ್ಟುವ ಅಕ್ಕರೆ ಇವುಗಳಿಗಿಂತ ಬೇರೆಯಾದದ್ದು. ಲಾಳಿಯನ್ನು ದಿನವೂ ಓಡಿಸಬೇಕೆಂದು ನೇಕಾರನು ಬಯಸುತ್ತಾನೆ. ಕೋವಿಯನ್ನು ಮನುಷ್ಯನ ಮೇಲೆ ಎಂದೂ ಎತ್ತುವ ಪ್ರಸಂಗ ಬಾರದಿರಲೆಂದು ಅದರ ಒಡೆಯನಾದ ಸಜ್ಜನನು ಬಯಸುತ್ತಾನೆ. ಉಪಯೋಗವಾಗಬಾರದೆಂದು ಹಾರೈಸುವ ವಸ್ತುವನ್ನೇ ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು, ಮಗನಿಗೆ ಒಪ್ಪಿಸಿ ಹೋಗುವ ಈ ಮಮತೆಗೆ ಮೂಲವೇನು? ನೂರು ಆಯುಧಗಳಲ್ಲಿ ಒಂದನ್ನೇ ತನ್ನದೆಂದು ಆರಿಸಿಕೊಳ್ಳುವವನ ಮನಸ್ಸಿನಲ್ಲಿ ಯಾವ ಕಾರಣಗಳು ಕೆಲಸ ಮಾಡುತ್ತವೆ? ಈ ಪ್ರಶ್ನೆಗೆ ಉತ್ತರವನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಕೊಯಮತ್ತೂರು, ತಿರುಪ್ಪೂರು ಸೀಮೆಗಳೂ ಅವುಗಳ ನೆತ್ತಿಯ ಮೇಲಿರುವ ಘಟ್ಟಗಳೂ ಆಚೆಯ ಕೊಡಗೂ ಇದಕ್ಕೆ ಸಾಕಷ್ಟು ಸಾಕ್ಷ್ಯವನ್ನು ಒದಗಿಸುತ್ತವೆ.

ಮೊದಲಿಗೆ ಹೆಸರುಗಳನ್ನೇ ನೋಡೋಣ. ಆಯುಧವು ಎಲ್ಲಿಂದ ಬಂದಿತೆಂಬುದನ್ನು ಹೆಸರೇ ಅನೇಕ ವೇಳೆ ಹೇಳಿಬಿಡುತ್ತದೆ. ತುಪಾಕಿ ಎಂಬುದು ತುರ್ಕರ ಮಾತಿನಿಂದ ಬಂದುದು. ನಮ್ಮ ನೆರೆಯ ತಮಿಳಿನಲ್ಲಿಯೂ ಅದೇ ಶಬ್ದವು ತುಪ್ಪಾಕ್ಕಿ ಎಂದು ನೆಲೆಗೊಂಡಿದೆ. ಬಂದೂಕು ಅರಬ್ಬೀ, ಪಾರಸೀ ಭಾಷೆಗಳ ದಾರಿಯಿಂದ ಬಂದಿತು. ಫಿರಂಗಿ ಎಂಬ ಮಾತಿನಲ್ಲಿ ಪರಂಗಿಯವನ ಗುರುತೇ ಉಳಿದುಕೊಂಡಿದೆ. ರಿವಾಲ್ವರ್ ಎಂಬುದು ಇಂಗ್ಲಿಷಿನದು. ತಿರುಗುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಇವುಗಳ ನಡುವೆ ಕೋವಿ ಎಂಬುದೊಂದೇ ನಮ್ಮ ಮನೆಯ ಮಾತು. ಕೊಳವೆ ಎಂಬ ಅರ್ಥವಿದ್ದ ಈ ಹಳೆಯ ಶಬ್ದವನ್ನು ಕನ್ನಡಿಗರು ಹೊಸ ಆಯುಧಕ್ಕೆ ಇಟ್ಟು, ಪರದೇಶದಿಂದ ಬಂದುದನ್ನು ಒಳಮನೆಯ ವಸ್ತುವನ್ನಾಗಿ ಮಾಡಿಕೊಂಡರು. ಬತ್ತಿಯ ಕೋವಿ, ಚಕಮಕಿ ಕೋವಿ, ಕೇಪಿನ ಕೋವಿ, ತೋಟಾ ಕೋವಿ, ಒಂಟಿನಳಿಗೆ, ಜೋಡುನಳಿಗೆ ಎಂದು ಬೆಳೆದ ಈ ಹೆಸರಿನ ಸಾಲಿನಲ್ಲಿಯೇ ನಾಲ್ಕು ಶತಮಾನಗಳ ಚರಿತ್ರೆ ಅಡಗಿದೆ.

ಕೋವಿ ಬರುವುದಕ್ಕೆ ಬಹು ಪೂರ್ವದಲ್ಲಿಯೇ ಈ ನೆಲಕ್ಕೆ ಆಯುಧದ ಪರಿಚಯ ಚೆನ್ನಾಗಿ ಇದ್ದಿತು. ನೊಯ್ಯಲ್ ನದಿಯ ದಡದ ಕೊಡುಮಣಲ್ ಗ್ರಾಮದಲ್ಲಿ ನಡೆದ ಉತ್ಖನನಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಬ್ಬಿಣದ ಕುಲುಮೆಗಳು ದೊರೆತಿವೆ. ಕೊಂಗುನಾಡಿನ ಹಳ್ಳಿಗಳಲ್ಲಿ ಹುಲಿಯನ್ನು ಇರಿಯುತ್ತಿರುವ ವೀರನ ಚಿತ್ರವುಳ್ಳ ಕಲ್ಲುಗಳು ಇಂದಿಗೂ ನಿಂತಿವೆ. ಇವನ್ನು ತಮಿಳರು ‘ಪುಲಿಕುತ್ತಿ ಕಲ್’ ಎಂದು ಕರೆಯುವರು. ನಮ್ಮ ವೀರಗಲ್ಲುಗಳಿಗೆ ಇವು ಒಡಹುಟ್ಟಿದವು. ಈ ಕಲ್ಲುಗಳಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ವೀರನ ಕೈಯಲ್ಲಿ ಈಟಿಯೋ ಕಠಾರಿಯೋ ಇದ್ದೇ ಇರುತ್ತದೆ. ಸತ್ತವನನ್ನು ನೆನೆಯುವಾಗ ಅವನ ಆಯುಧವನ್ನು ಅವನಿಂದ ಬೇರ್ಪಡಿಸಲು ಊರವರಿಗೆ ಮನಸ್ಸು ಬರಲಿಲ್ಲ. ದನ ಕಾಯುವವನು ಮಂದೆಯನ್ನು ಉಳಿಸಲು ಹಿಡಿದ ಈಟಿಯು ಅವನ ಸಾವಿನ ತರುವಾಯವೂ ಕಲ್ಲಿನಲ್ಲಿ ಉಳಿಯಿತು.

ಕೊಂಗುನಾಡು ಹದಿನೇಳನೆಯ ಶತಮಾನದಿಂದ ಮೈಸೂರಿನ ಆಳ್ವಿಕೆಗೆ ಒಳಪಟ್ಟ ಮೇಲೆ ಗಜ್ಜಲಹಟ್ಟಿಯ ಕಣಿವೆಯ ಹಾದಿಯು ಸೈನ್ಯಗಳ ಹಾದಿಯಾಯಿತು. ೧೭೯೦ರ ಸೆಪ್ಟೆಂಬರಿನಲ್ಲಿ ಟೀಪು ಸುಲ್ತಾನನು ಈ ಕಣಿವೆಯಿಂದಲೇ ಇಳಿದು ಬಂದು, ಭವಾನಿ ನದಿಯ ದಡದ ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಎದುರಿಸಿ, ಕೊಯಮತ್ತೂರಿನ ಕಡೆಗೆ ಹಿಂದೆಗೆಯುವಂತೆ ಮಾಡಿದನು. ಅವನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಕೋವಿ, ಪಿಸ್ತೂಲುಗಳು ತಯಾರಾಗುತ್ತಿದ್ದವು. ಅರಸನಿಗಾಗಿಯೇ ಮಾಡಿದವುಗಳಲ್ಲಿ ಹುಲಿಯ ಮುಖವೂ ಹುಲಿಯ ಪಟ್ಟೆಗಳೂ ಬೆಳ್ಳಿ ಬಂಗಾರದ ಕೆಲಸದಲ್ಲಿ ಮೂಡಿರುತ್ತವೆ. ೧೭೯೯ರಲ್ಲಿ ಪಟ್ಟಣವು ಬಿದ್ದ ಮೇಲೆ ಇವು ಕೊಳ್ಳೆಯಾಗಿ ಸಮುದ್ರ ದಾಟಿದವು. ಇಂಗ್ಲೆಂಡಿನ ರಾಜಸಂಗ್ರಹದಲ್ಲಿ ಇಂದಿಗೂ ಕೆಲವನ್ನು ಕಾಣಬಹುದು. ಅರಸನಾದವನಿಗೆ ಯುರೋಪಿನ ಉತ್ತಮ ಕೋವಿಗಳು ದೊರೆಯದೆ ಇರಲಿಲ್ಲ. ಆದರೂ ತನ್ನ ನಾಡಿನ ಕಮ್ಮಾರನು ಬಡಿದ ನಳಿಗೆಯ ಮೇಲೆ ತನ್ನದೇ ಲಾಂಛನವಿರಬೇಕೆಂಬ ಛಲವು ಅಲ್ಲಿ ಎದ್ದು ಕಾಣುತ್ತದೆ. ಅಕ್ಕರೆಗೆ ಮೊದಲನೆಯ ಕಾರಣ ಇದು: ಆಯುಧವು ತನ್ನದೆಂಬ ಗುರುತು.

ಮೈಸೂರು ಬಿದ್ದ ಮರುವರ್ಷವೇ, ಎಂದರೆ ೧೮೦೦ರ ಜೂನ್ ತಿಂಗಳಲ್ಲಿ, ಪಾಳೆಯಗಾರರ ಕಡೆಯವರು ಕೊಯಮತ್ತೂರಿನ ಮೇಲೆ ಬೀಳಲು ಹವಣಿಸಿದರು. ಯತ್ನವು ಸಫಲವಾಗಲಿಲ್ಲ, ಸೆರೆಸಿಕ್ಕ ಅನೇಕರನ್ನು ಕುಂಪಣಿಯವರು ಗಲ್ಲಿಗೇರಿಸಿದರು. ತರುವಾಯ, ದಕ್ಷಿಣದ ಪಾಳೆಯಗಾರರ ಬಂಡಾಯವನ್ನು ಅಡಗಿಸಿ, ೧೮೦೧ರ ಡಿಸೆಂಬರ್ ೧ರಂದು ಮದರಾಸಿನ ಗವರ್ನರನು ಹೊರಡಿಸಿದ ಘೋಷಣೆಯು ಅವರ ಜನರು ಆಯುಧ ಧರಿಸುವುದನ್ನು ನಿಷೇಧಿಸಿತು. ೧೮೫೭ರ ದಂಗೆಯ ಬಳಿಕ ನಿಶ್ಶಸ್ತ್ರೀಕರಣದ ಕಾಯಿದೆಯು ದೇಶಕ್ಕೆಲ್ಲ ಹರಡಿತು. ೧೮೭೮ರಲ್ಲಿ ಲಿಟ್ಟನ್ ಪ್ರಭುವಿನ ಆಯುಧ ಶಾಸನವು ಅದನ್ನು ಇನ್ನಷ್ಟು ಬಿಗಿಮಾಡಿತು. ಪರವಾನಗಿ ಇಲ್ಲದೆ ಭಾರತೀಯನು ಕೋವಿ ಇಡಕೂಡದು, ಯುರೋಪಿಯನ್ನನಿಗೆ ಅಂತಹ ಬಂಧನವಿಲ್ಲ ಎಂಬ ಈ ಪಕ್ಷಪಾತವನ್ನು ೧೮೮೭ರಲ್ಲಿ ಮದರಾಸಿನಲ್ಲಿ ನೆರೆದ ಕಾಂಗ್ರೆಸ್ ಮಹಾಸಭೆಯು ಪ್ರಶ್ನಿಸಿತು. ಮನೆಯ ಗೋಡೆಯಿಂದ ಕೋವಿಯನ್ನು ಇಳಿಸಿ ಕಚೇರಿಗೆ ಒಪ್ಪಿಸಿ ಬಂದವನಿಗೆ ಹೋದದ್ದು ಕಬ್ಬಿಣ ಮಾತ್ರವಲ್ಲ, ನಂಬಿಕೆಗೆ ಅರ್ಹನೆಂಬ ಮಾನ. ಅಕ್ಕರೆಯು ಬೆಳೆಯುವುದು ಹಕ್ಕು ಇದ್ದಲ್ಲಿ; ಹಕ್ಕು ಅಳಿದಲ್ಲಿ ಉಳಿಯುವುದು ನೆನಪೊಂದೇ.

ಈ ಮಾತಿನ ಸತ್ಯವು ಕೊಡಗಿನಲ್ಲಿ ಸ್ಪಷ್ಟವಾಗಿ ತೋರಿಬರುತ್ತದೆ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕುಂಪಣಿಯವರು ಕೊಡಗನ್ನು ವಶಪಡಿಸಿಕೊಂಡರು. ಆದರೆ ದೇಶಕ್ಕೆಲ್ಲ ನಿಶ್ಶಸ್ತ್ರೀಕರಣವು ಜಾರಿಯಾದಾಗ, ೧೮೬೧ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ಕೊಡವರನ್ನು ಅದರಿಂದ ಹೊರತುಪಡಿಸಿ ಘೋಷಣೆ ಹೊರಡಿಸಿದನು. ಆಳುವವರ ಸ್ವಹಿತವೂ ಇದರಲ್ಲಿ ಇದ್ದಿತೆಂಬುದನ್ನು ಮರೆಯಲಾಗದು. ನಂಬಿಗಸ್ತರಾದ ವೀರರು ಅವರಿಗೆ ಬೇಕಾಗಿದ್ದರು. ಈ ವಿನಾಯಿತಿಯು ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಸಲ್ಲುತ್ತ ಬಂದಿತು. ಸ್ವಾತಂತ್ರ್ಯಾನಂತರ ೧೯೫೯ರ ಆಯುಧ ಶಾಸನವು ಬಂದ ಮೇಲೆಯೂ ಕೇಂದ್ರ ಸರಕಾರವು ಅದನ್ನು ಉಳಿಸಿಕೊಂಡಿತು. ೨೦೧೯ರ ಅಕ್ಟೋಬರಿನಲ್ಲಿ ಮತ್ತೆ ಹತ್ತು ವರ್ಷಗಳಿಗೆ ಇದನ್ನು ವಿಸ್ತರಿಸಲಾಯಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಈ ಹಕ್ಕನ್ನು ಆಧರಿಸಿ ಕೊಡಗಿನಲ್ಲಿ ಬೆಳೆದ ಆಚಾರವು ಎಷ್ಟು ಮೃದುವಾದದ್ದೆಂದು ನೋಡಿದರೆ ಆಶ್ಚರ್ಯವಾಗುವುದು. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವರು. ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲುಬಾಣವನ್ನು ಮಾಡಿ ಕೂಸಿನ ಕೈಗೆ ಮುಟ್ಟಿಸುವರು. ಮನೆಯಲ್ಲಿ ಸಾವು ಸಂಭವಿಸಿದರೆ ಎರಡು ಗುಂಡು. ಹುತ್ತರಿಯ ರಾತ್ರಿ ಹೊಸ ಭತ್ತದ ಕದಿರನ್ನು ಕೊಯ್ಯುವ ಹೊತ್ತಿಗೆ ಗುಂಡು ಹಾರುತ್ತದೆ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೈಲ್‌ಪೊಳ್ದ್ ಹಬ್ಬ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದೊರೆಸಿ ಪೂಜಿಸುವರು. ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುವುದು. ಅಲ್ಲಿನ ಕೋವಿಯು ಹುಟ್ಟು, ಸಾವು, ಬೆಳೆ, ಹಬ್ಬಗಳಿಗೆ ದನಿಯಾಗಿ, ಐನ್‌ಮನೆಯ ಹಿರಿಯನಂತೆ ಗೌರವಕ್ಕೆ ಪಾತ್ರವಾಗಿದೆ.

ಕೈಲ್‌ಪೊಳ್ದ್ ದಿನ ಕೋವಿಯ ನಳಿಗೆಗೆ ಮುಡಿಸುವ ಹೂವಿಗೆ ಕೊಡವರು ‘ತೋಕ್ ಪೂ’, ಎಂದರೆ ಕೋವಿಯ ಹೂವು, ಎಂದೇ ಹೆಸರಿಟ್ಟಿದ್ದಾರೆ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಬೆರೆತ ಈ ಹೂವು ನಮ್ಮವರಿಗೆ ಅಪರಿಚಿತವಲ್ಲ. ಸಂಸ್ಕೃತದಲ್ಲಿ ಅಗ್ನಿಶಿಖೆ, ತಮಿಳಿನಲ್ಲಿ ಸೆಂಗಾಂದಳ್ ಎನಿಸಿಕೊಂಡು, ತಮಿಳುನಾಡಿನ ರಾಜ್ಯಪುಷ್ಪವಾಗಿರುವುದು ಇದೇ ಹೂವು. ತಿರುಪ್ಪೂರು ಜಿಲ್ಲೆಯ ಧಾರಾಪುರ, ಮೂಲನೂರಿನ ರೈತರು ಇದನ್ನು ‘ಕಣ್ವಲಿ’ ಎಂದು ಕರೆದು, ಔಷಧಿಗೆ ಬೇಕಾದ ಬೀಜಕ್ಕಾಗಿ ಚಪ್ಪರ ಹಾಕಿ ಬೆಳೆಯುತ್ತಾರೆ. ಗಿಡವೆಲ್ಲ ವಿಷ, ಆ ವಿಷದಿಂದಲೇ ವಾತರಕ್ತದ ಬೇನೆಗೆ ಮದ್ದು. ಪ್ರಾಣ ತೆಗೆಯಬಲ್ಲದ್ದು ಪ್ರಾಣವನ್ನು ಕಾಯಲೂ ಬಲ್ಲದೆಂಬುದಕ್ಕೆ ಕೋವಿಗೆ ಇದಕ್ಕಿಂತ ತಕ್ಕ ಹೂವು ಯಾವುದು?

ಮನೆತನದಿಂದ ಬಂದ ಅಕ್ಕರೆಯನ್ನು ಕುರಿತು ಇಷ್ಟು ಹೇಳಿದೆವು. ಇನ್ನು ತಾನೇ ಆರಿಸಿಕೊಂಡವನ ಅಕ್ಕರೆಯನ್ನು ನೋಡೋಣ. ಕೊಳ್ಳೇಗಾಲ ತಾಲೂಕು ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಸತ್ಯಮಂಗಲ, ತಾಳವಾಡಿಗಳು ೧೯೭೯ರಲ್ಲಿ ಈರೋಡು ಕೇಂದ್ರವಾಗಿ ಹೊಸ ಜಿಲ್ಲೆಯಾಗುವವರೆಗೂ ಇದರಲ್ಲಿಯೇ ಇದ್ದವು. ದಿಂಬಂ, ಹಾಸನೂರು, ಗೆದ್ದೆಸಾಲಿನ ಈ ಉತ್ತರದ ಕಾಡುಗಳಲ್ಲಿ ಕನ್ನಡವೇ ಜನರ ಮಾತು. ಬೆಂಗಳೂರಿನ ಕೆನೆತ್ ಆಂಡರ್ಸನ್ನನು ಬೇಟೆಯಾಡಿದ ಕಾಡುಗಳಲ್ಲಿ ಇವೂ ಸೇರಿವೆ. ೧೯೧೦ರಲ್ಲಿ ಹುಟ್ಟಿ ೧೯೭೪ರಲ್ಲಿ ತೀರಿಕೊಂಡ ಈತನ ಬರೆಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದುದರಿಂದ ನಮ್ಮ ಮನೆಗಳಲ್ಲಿ ಈತನ ಹೆಸರು ಮಕ್ಕಳಿಗೂ ತಿಳಿದಿದೆ.

ಆಂಡರ್ಸನ್ನನ ಹೆಸರಿನೊಡನೆ ಅಗಲದೆ ಉಳಿದಿರುವುದು .೪೦೫ ವಿಂಚೆಸ್ಟರ್ ರೈಫಲು. ಅಮೆರಿಕದ ಜಾನ್ ಬ್ರೌನಿಂಗನು ರೂಪಿಸಿದ ೧೮೯೫ರ ಮಾದರಿಯ ಈ ಕೋವಿಗೆ .೪೦೫ರ ತೋಟಾ ಬಂದುದು ೧೯೦೪ರಲ್ಲಿ. ಅದರ ಗುಂಡಿನ ತೂಕ ೩೦೦ ಗ್ರೇನು, ಎಂದರೆ ಸುಮಾರು ೧೯ ಗ್ರಾಂ. ಹಿಡಿಯ ಕೆಳಗಿರುವ ಸನ್ನೆಯನ್ನು ಒಮ್ಮೆ ಕೆಳಕ್ಕೊತ್ತಿ ಮೇಲಕ್ಕೆ ತಂದರೆ ಸುಟ್ಟ ತೋಟಾ ಹೊರಬಿದ್ದು ಹೊಸದು ನಳಿಗೆಗೆ ಸೇರುವುದು; ಭುಜದಿಂದ ಕೋವಿಯನ್ನು ಇಳಿಸಬೇಕಾಗಿಲ್ಲ. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನು ೧೯೦೯ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೊರಟಾಗ ಸಿಂಹಕ್ಕೆಂದು ನಂಬಿಕೊಂಡುಹೋದದ್ದೂ ಇದನ್ನೇ. ಕತ್ತಲೆಯಲ್ಲಿ, ಪೊದೆಯಲ್ಲಿ, ಹತ್ತು ಗಜದ ಅಂತರದಲ್ಲಿ ಗಾಯಗೊಂಡ ಹುಲಿಯನ್ನು ಎದುರಿಸುವವನಿಗೆ ಬೇಕಾದದ್ದು ಮೂರು ಗುಣ: ಭಾರವಾದ ಪೆಟ್ಟು, ಎರಡನೆಯ ಗುಂಡಿಗೆ ತಡವಿಲ್ಲದಿರುವುದು, ಕೈಗೆ ಮೊದಲೇ ಪಳಗಿರುವುದು. ಮೊದಲ ಎರಡನ್ನು ಕಾರ್ಖಾನೆ ಕೊಡಬಲ್ಲದು. ಮೂರನೆಯದನ್ನು ವರ್ಷಗಳು ಮಾತ್ರ ಕೊಡಬಲ್ಲವು. ಆದುದರಿಂದಲೇ ಪಳಗಿದ ಬೇಟೆಗಾರನು ಹೊಸದಕ್ಕೆ ಸುಲಭವಾಗಿ ಮನಸೋಲುವುದಿಲ್ಲ.

ಹಿಮಾಲಯದ ತಪ್ಪಲಿನ ಜಿಮ್ ಕಾರ್ಬೆಟ್ಟನ ಆಯ್ಕೆ ಇದಕ್ಕೆ ವ್ಯತಿರಿಕ್ತವಾದದ್ದು. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಅಲ್ಲಿನ ಲೆಫ್ಟಿನೆಂಟ್ ಗವರ್ನರನು ಆತನಿಗೆ .೨೭೫ ರಿಗ್ಬಿ ರೈಫಲನ್ನು ಬಹುಮಾನವಾಗಿ ಕೊಟ್ಟನು. ಹಗುರವಾದ, ಸಣ್ಣ ಗುಂಡಿನ ಕೋವಿ ಅದು. ದಿನವಿಡೀ ಬೆಟ್ಟ ಹತ್ತಿಳಿಯುವವನಿಗೆ ಹೆಗಲ ಭಾರ ಕಡಿಮೆಯಾಗಿರುವುದೇ ದೊಡ್ಡ ಗುಣ. ರುದ್ರಪ್ರಯಾಗದ ಕುಖ್ಯಾತ ಚಿರತೆ ೧೯೨೬ರಲ್ಲಿ ಬಿದ್ದುದು ಇದರಿಂದಲೇ. ಒಬ್ಬನಿಗೆ ಭಾರವು ಗುಣ, ಮತ್ತೊಬ್ಬನಿಗೆ ಹಗುರವು ಗುಣ. ಶ್ರೇಷ್ಠವಾದ ಕೋವಿ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೈಗೂ ನೆಲಕ್ಕೂ ಒಪ್ಪುವುದೇ ಶ್ರೇಷ್ಠ.

ರಿವಾಲ್ವರಿನ ವಿಷಯದಲ್ಲಿಯೂ ಇದೇ ನ್ಯಾಯ. ೧೮೩೬ರಲ್ಲಿ ಸ್ಯಾಮ್ಯುಯಲ್ ಕೋಲ್ಟನು ಅಮೆರಿಕದಲ್ಲಿ ಇದಕ್ಕೆ ಹಕ್ಕುಪತ್ರ ಪಡೆಯುವವರೆಗೆ ಸೊಂಟದ ಪಿಸ್ತೂಲೆಂದರೆ ಸಾಮಾನ್ಯವಾಗಿ ಒಂದು ಗುಂಡಿನದು. ಅದು ತಪ್ಪಿದರೆ ಹಿಡಿದವನ ಗತಿ ಮುಗಿದಂತೆಯೇ. ಕೋಲ್ಟನು ಐದಾರು ಮನೆಗಳುಳ್ಳ ಉರುಳೆಯೊಂದನ್ನು ನಳಿಗೆಯ ಹಿಂದೆ ಕೂರಿಸಿ, ಸುತ್ತಿಗೆಯನ್ನು ಹಿಂದಕ್ಕೆಳೆದಾಗಲೆಲ್ಲ ಒಂದೊಂದು ಮನೆ ಮುಂದೆ ಬರುವಂತೆ ಮಾಡಿದನು. ೧೮೫೧ರಲ್ಲಿ ಇಂಗ್ಲೆಂಡಿನ ಆಡಮ್ಸನು ಕುದುರೆಯನ್ನು ಎಳೆದ ಮಾತ್ರದಿಂದಲೇ ಉರುಳೆ ತಿರುಗಿ ಗುಂಡು ಹಾರುವ ಏರ್ಪಾಡನ್ನು ತಂದನು. ಅನಂತರ ತೋಟಾಗಳನ್ನು ಹಿಡಿಯೊಳಗಿನ ಪೆಟ್ಟಿಗೆಯಿಂದ ತಾನೇ ಎತ್ತಿಕೊಳ್ಳುವ ಪಿಸ್ತೂಲುಗಳು ಬಂದವು. ೧೯೧೧ರ ಜೂನ್ ೧೭ರಂದು ಮಣಿಯಾಚ್ಚಿ ರೈಲು ನಿಲ್ದಾಣದಲ್ಲಿ ಕಲೆಕ್ಟರ್ ಆಶ್ ಎಂಬವನನ್ನು ಕೊಂದು ತಾನೂ ಪ್ರಾಣ ನೀಗಿದ ವಾಂಚಿನಾಥನ ಕೈಯಲ್ಲಿದ್ದುದು ಅಂತಹದೊಂದು ಬ್ರೌನಿಂಗ್ ಪಿಸ್ತೂಲು. ಇಷ್ಟಾದರೂ ರಿವಾಲ್ವರನ್ನು ಮೆಚ್ಚುವವರು ಕಡಮೆಯಾಗಲಿಲ್ಲ. ಕಾರಣ ಸರಳವಾದದ್ದು. ಒಂದು ತೋಟಾ ಹುಸಿಹೋದರೆ ಪಿಸ್ತೂಲಿನ ಮೇಲಣ ಜಾರುಭಾಗವನ್ನು ಕೈಯಿಂದ ಹಿಂದಕ್ಕೆಳೆದು ಅದನ್ನು ಹೊರಹಾಕಬೇಕು. ರಿವಾಲ್ವರಿನಲ್ಲಿ ಕುದುರೆಯನ್ನು ಮತ್ತೊಮ್ಮೆ ಎಳೆದರೆ ಮುಂದಿನದು ಸಿದ್ಧ. ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ಉರುಳೆಯನ್ನು ತೆರೆದೊಡನೆ ಕಣ್ಣೇ ಹೇಳುವುದು. ನಮ್ಮ ದೇಶದಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲಿ .೩೨ರ ರಿವಾಲ್ವರುಗಳು ಪರವಾನಗಿದಾರರಿಗಾಗಿ ತಯಾರಾಗುತ್ತ ಬಂದಿವೆ.

೨೦೧೯ರ ಡಿಸೆಂಬರಿನಲ್ಲಿ ಆಯುಧ ಶಾಸನಕ್ಕೆ ಆದ ತಿದ್ದುಪಡಿಯು ಈ ಆಯ್ಕೆಯ ಪ್ರಶ್ನೆಯನ್ನು ಅನೇಕ ಮನೆಗಳ ಮುಂದೆ ನಿಜವಾಗಿಯೇ ತಂದಿಟ್ಟಿತು. ಅದುವರೆಗೆ ಒಬ್ಬ ಪರವಾನಗಿದಾರನು ಮೂರು ಆಯುಧಗಳನ್ನು ಇಡಬಹುದಾಗಿತ್ತು. ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದಿತು. ಮೂರರಲ್ಲಿ ಯಾವುದನ್ನು ಬಿಡಬೇಕು? ಅಜ್ಜನ ಜೋಡುನಳಿಗೆಯನ್ನೇ, ತೋಟ ಕಾಯಲು ತಂದೆ ಕೊಂಡ ರೈಫಲನ್ನೇ, ತಾನು ಕೊಂಡ ರಿವಾಲ್ವರನ್ನೇ? ಬೆಲೆಯ ಲೆಕ್ಕ ಹಾಕುವವನು ಹಳೆಯದನ್ನು ಕೊಟ್ಟಾನು. ಮನೆಯ ಲೆಕ್ಕ ಹಾಕುವವನು, ಮದ್ದು ಸಿಡಿಯದೆ ಎಷ್ಟೋ ವರ್ಷವಾದ ಆ ಹಳೆಯದನ್ನೇ ಉಳಿಸಿಕೊಳ್ಳುವನು. ಪ್ರೀತಿಯ ಆಯುಧ ಯಾವುದೆಂದು ತಿಳಿಯುವುದು ಕೊಳ್ಳುವ ದಿನವಲ್ಲ, ಬಿಟ್ಟುಕೊಡಬೇಕಾಗಿ ಬಂದ ದಿನ.

ಕಡೆಯದಾಗಿ, ಕೋವಿಯ ಮಾತನ್ನು ಬಿಟ್ಟು ನಮ್ಮ ಊರಿನ ಬೀದಿಗೇ ಬರೋಣ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಇಳಿದುಬಂದು ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ಮಗ್ಗ ಹೂಡಿದ ದೇವಾಂಗ ಬಂಧುಗಳು ಮನೆಯೊಳಗೆ ಇಂದಿಗೂ ಕನ್ನಡವನ್ನು ಆಡುತ್ತಾರೆ. ನೂಲು, ಹಣಿಗೆ, ಲಾಳಿಗಳೊಡನೆ ಬಾಳುವ ಇವರ ಕುಲದೇವತೆ ಚೌಡೇಶ್ವರಿ. ಆ ತಾಯಿಯ ಸನ್ನಿಧಿಯಲ್ಲಿ ಇವರು ಹಿಡಿಯುವುದು ಅಲಗು. ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಯ ಗುಡಿಯಲ್ಲಿ ವಿಜಯದಶಮಿಯಂದು ನಡೆಯುವ ಮೆರವಣಿಗೆಯಲ್ಲಿ ತರುಣರು ಅಲಗನ್ನು ತಮ್ಮ ತೋಳಿಗೂ ಎದೆಗೂ ತಾಗಿಸಿಕೊಳ್ಳುತ್ತ ತಾಯಿಯನ್ನು ಕರೆಯುವರು. ಗಾಯಕ್ಕೆ ಅರಿಸಿನದ ಪುಡಿಯೇ ಮದ್ದು. ದೇವತೆಗಳಿಗೆ ವಸ್ತ್ರ ನೇಯಲು ನೂಲು ತರುತ್ತಿದ್ದ ದೇವಲ ಮಹರ್ಷಿಯನ್ನು ಅಸುರರು ಅಡ್ಡಗಟ್ಟಿದಾಗ ತಾಯಿಯು ಪ್ರತ್ಯಕ್ಷಳಾಗಿ ಕಾಪಾಡಿದಳೆಂದು ಐತಿಹ್ಯ. ಇಲ್ಲಿನ ಅಲಗು ಪರರನ್ನು ಇರಿಯುವುದಿಲ್ಲ. ಹಿಡಿದವನ ಹರಕೆಯನ್ನು ಅವನ ಮೈಮೇಲೆಯೇ ಬರೆಯುತ್ತದೆ. ನೇಯುವ ಕೈಗೆ ಕತ್ತಿಯ ಮೇಲೆ ಅಕ್ಕರೆ ಏಕೆಂದು ಕೇಳುವವರಿಗೆ ಇದೇ ಉತ್ತರ: ಅದು ಕಾಪಾಡಿದವಳ ನೆನಪು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಆಯುಧದ ಅಕ್ಕರೆಗೆ ನಾಲ್ಕು ಬೇರುಗಳಿರುವುದು ಕಾಣುತ್ತದೆ. ಕೈಗೆ ಒಪ್ಪಿರುವುದು ಒಂದು. ಆಪತ್ತಿನಲ್ಲಿ ಕೈಬಿಡದೆಂಬ ನಂಬಿಕೆ ಎರಡನೆಯದು. ಇದು ತನ್ನದೆಂಬ ಹಕ್ಕು ಮೂರನೆಯದು. ಹಿರಿಯರ ನೆನಪು ನಾಲ್ಕನೆಯದು. ಮೊದಲ ಎರಡು ಬೇಟೆಗಾರನನ್ನೂ ಯೋಧನನ್ನೂ ಆಳಿದವು. ಆದರೆ ಅವು ಕಾಲಾಧೀನ. ಹುಲಿಬೇಟೆಯು ೧೯೭೦ರಲ್ಲಿ ನಿಷೇಧವಾಗಿ, ೧೯೭೨ರ ವನ್ಯಜೀವಿ ಶಾಸನವು ಬಂದ ಮೇಲೆ ಬೇಟೆಯ ಕೋವಿಗಳ ಕಾಲ ಮುಗಿಯಿತು. ಆಂಡರ್ಸನ್ನನು ತಿರುಗಿದ ಸತ್ಯಮಂಗಲದ ಕಾಡು ೨೦೧೩ರಿಂದ ಹುಲಿಗಳಿಗೆ ಮೀಸಲಾದ ನೆಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ತೆಂಕಣ ಅಂಚಿನ ಆನೆಮಲೆಯೂ ಹಾಗೆಯೇ. ಅಲ್ಲಿ ಗುಂಡಿನ ಸದ್ದು ಕೇಳದಿರುವುದೇ ಇಂದಿನ ಶುಭವಾರ್ತೆ.

ಹಾಗಾದರೆ ಗೋಡೆಯ ಮೇಲಿನ ಕೋವಿಗೂ ಗುಡಿಯ ಅಲಗಿಗೂ ಇನ್ನು ಉಳಿದಿರುವುದು ಕಡೆಯ ಎರಡು ಬೇರುಗಳು ಮಾತ್ರ. ಅವು ಒಣಗದಿರಬೇಕಾದರೆ ಕಾರಣವನ್ನು ಬಾಯಿಂದ ಬಾಯಿಗೆ ದಾಟಿಸಬೇಕು. ಇದು ಯಾರದು, ಯಾವಾಗ ಬಂದಿತು, ಯಾರನ್ನು ಕಾಯಿತು, ಏಕೆ ಇದಕ್ಕೆ ಹೂವಿಡುತ್ತೇವೆ ಎಂದು ಹೇಳುವವರಿಲ್ಲದ ಮನೆಯಲ್ಲಿ ಉತ್ತಮವಾದ ಆಯುಧವೂ ಗುಜರಿಯವನ ತಕ್ಕಡಿಗೆ ಬೀಳುವ ಕಬ್ಬಿಣವಾಗುತ್ತದೆ. ಅಥವಾ ಅದಕ್ಕಿಂತ ಕೆಟ್ಟುದಾಗಿ, ಅರ್ಥವರಿಯದ ಎಳೆಯರ ಕೈಯಲ್ಲಿ ಬರಿಯ ಬೆದರಿಕೆಯ ವಸ್ತುವಾಗುತ್ತದೆ. ಮಮತೆಯ ಜೊತೆಗೆ ಅಂಕೆಯನ್ನೂ ಕಲಿಸಿದುದೇ ನಮ್ಮ ಹಿರಿಯರ ಹೆಗ್ಗಳಿಕೆ. ಬರುವ ಆಯುಧಪೂಜೆಯ ದಿನ ಕತ್ತಿಗೋ ಕೋವಿಗೋ ಮಗ್ಗಕ್ಕೋ ಗಿರಣಿಯ ಯಂತ್ರಕ್ಕೋ ಕುಂಕುಮವಿಡುವಾಗ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅದರ ಕಥೆಯನ್ನು ನಮ್ಮ ಮನೆಮಾತಿನಲ್ಲಿಯೇ ಹೇಳೋಣ. ಹೂವು ಮರುದಿನಕ್ಕೆ ಬಾಡುವುದು. ಕೇಳಿದ ಕಥೆ ಮುಂದಿನ ತಲೆಮಾರಿನವರೆಗೂ ಬಾಳುವುದು.